ಹೊದೆಯದೆ ಇಟ್ಟ ಕೌದಿ

ತಾನೇ ಹೊಲಿದ ಕೌದಿಯನ್ನು ಗಾಜಿನ ಹಿಂದೆ ಕಂಡಾಗ ಯಶೋದಾಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

ಅರಿವೆಗೆ ಗಾಳಿ ಬೇಕು, ಬಿಸಿಲು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅದರಡಿ ಒಂದು ಮೈ ಬೇಕು. ಇಲ್ಲಿ ನೋಡಿದರೆ ಮೇಲಿನ ಅಂಚಿಗೆ ಸಾಲಾಗಿ ಮೊಳೆ ಹೊಡೆದು ಗೋಡೆಗೆ ತೂಗುಹಾಕಿ, ಹಳದಿ ಬೆಳಕು ಬಿಟ್ಟಿದ್ದರು. ಪಕ್ಕದಲ್ಲಿ ಒಂದು ಚೀಟಿ: ‘ಕೌದಿ. ಹತ್ತಿ ಬಟ್ಟೆ, ಕೈಹೊಲಿಗೆ. ದೇವದುರ್ಗ. ಪ್ರಭುರಾಜ ಅವರ ಸಂಗ್ರಹದಿಂದ.’

ಹೊಲಿದವಳ ಹೆಸರಿರಲಿಲ್ಲ. ಇದ್ದ ಒಂದೇ ಹೆಸರನ್ನು ಅವಳು ಮೂರು ಸಲ ಓದಿದಳು.

“ಲೇ, ಈ ಹಸಿರು ತುಂಡು ನಮ್ಮ ಅಂಗಡಿದಲ್ಲೇನು?” ವಾಹಿದಾ ಗಾಜಿಗೆ ಮೂಗು ತಾಗಿಸಿ ನಿಂತಿದ್ದಳು. ಮಾನ್ವಿಯಲ್ಲಿ ಅವಳ ಮನೆಯವರದು ಟೇಲರ್ ಅಂಗಡಿ. ಯಶೋದಾಳ ಕೌದಿಗಳಿಗೆ ಚಿಂದಿ ಬರುವುದು ಅಲ್ಲಿಂದಲೇ. ಗೆಳತಿ ಒಬ್ಬಳೇ ರಾಯಚೂರಿಗೆ ಹೋಗುವುದು ಬೇಡ ಅಂತ ಜೊತೆಗೆ ಬಂದಿದ್ದಳು. “ನಮ್ಮ ತಂಗಿ ಜಬೀನನ ನಿಕಾಹಕ್ಕ ಹೊಲಿದ ಕುರ್ತಾದಾಗ ಉಳಿದಿದ್ದು ಇದು. ಅಂದ್ರ ಈ ಕೌದಿ ನಿಂದೇ.”

“ನಂದೇ.”

“ಮತ್ತ ಇಲ್ಲಿಗೆ ಹ್ಯಾಂಗ...” ವಾಹಿದಾ ಚೀಟಿಯತ್ತ ತಿರುಗಿ ಓದಿದಳು. ವಾಹಿದಾ ಅರ್ಧಕ್ಕೆ ಮಾತು ನಿಲ್ಲಿಸಿದ್ದನ್ನು ಯಶೋದಾ ಅದೇ ಮೊದಲ ಸಲ ನೋಡಿದ್ದು.

ಅದು ಕೋಟೆಯ ಹತ್ತಿರದ ಒಂದು ಹಳೆಯ ಹವೇಲಿ. ಯಾವುದೋ ಟ್ರಸ್ಟಿನವರು ರಿಪೇರಿ ಮಾಡಿಸಿ ಕಲಾ ಮ್ಯೂಸಿಯಂ ಮಾಡಿದ್ದರು. ಮೇ ತಿಂಗಳ ರಾಯಚೂರಿನಲ್ಲಿ ಹಗಲು ಹೊತ್ತು ಚಿತ್ರ ನೋಡಲು ಯಾರು ಬಂದಾರು? ಅದಕ್ಕೇ ರಾತ್ರಿ ಎಂಟರಿಂದ ಹನ್ನೆರಡರವರೆಗೆ ಬಾಗಿಲು ತೆಗೆದು, ‘ಮ್ಯೂಸಿಯಂ ನೈಟ್’ ಎಂದು ಹೆಸರಿಟ್ಟು ಊರನ್ನೇ ಕರೆದಿದ್ದರು. ಅಂಗಳದ ಬೇವಿನ ಮರಕ್ಕೆ ಸೀರಿಯಲ್ ಲೈಟು ಸುತ್ತಿದ್ದರು. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಇನ್ನೊಂದು ಮೂಲೆಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ. ಜನ ಮೊದಲು ಯಾವ ಮೂಲೆಗೆ ನುಗ್ಗಿದರು ಎಂದು ಹೇಳಬೇಕಾಗಿಲ್ಲ. ತಿಂದು ಕೈ ಒರೆಸಿಕೊಂಡು, ಬಂದದ್ದಕ್ಕೆ ಚಿತ್ರವನ್ನೂ ನೋಡಿ, ಒಂದೊಂದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಯಶೋದಾಳನ್ನು ಕರೆಸಿದ್ದು ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವ ದೇವಿಕಾ. “ನಮ್ಮಲ್ಲಿ ಒಂದು ಕೌದಿದು ಹೊಲಿಗಿ ಬಿಚ್ಚೇದ. ಮಂದಿ ಮುಂದ ಕುಂತು ಹೊಲ್ದು ತೋರಸ್ತೀರೇನ್ ಅಕ್ಕಾರ? ಮಾನ್ವಿ ಹೊಲಿಗಿ ಕೇಂದ್ರದವ್ರು ನಿಮ್ಮ ನಂಬರ್ ಕೊಟ್ರು,” ಎಂದು ಫೋನಿನಲ್ಲಿ ಕೇಳಿದ್ದಳು. ದನಿ ಎಷ್ಟು ಮುದ್ದಾಗಿತ್ತೆಂದರೆ ಇಲ್ಲ ಅನ್ನಲು ಬಾಯಿ ಬಂದಿರಲಿಲ್ಲ. ಯಾರದೋ ಕೌದಿ ಇರಬೇಕು ಅಂದುಕೊಂಡು, ಸೂಜಿ ದಾರ ಕತ್ತರಿ ಚೀಲಕ್ಕೆ ಹಾಕಿಕೊಂಡು ದೇವದುರ್ಗದಲ್ಲಿ ರಾಯಚೂರಿನ ಬಸ್ಸು ಹತ್ತಿದ್ದಳು.

“ಬಂದ್ರೇನ್ ಅಕ್ಕಾರ!”

ದೇವಿಕಾ ಸೊಂಟದ ಮೇಲೆ ಕೈಯಿಟ್ಟು ನಿಧಾನ ನಡೆದು ಬಂದಳು. ಇಪ್ಪತ್ತೇಳೋ ಎಂಟೋ ಇರಬೇಕು. ಏಳು ತಿಂಗಳ ಬಸುರಿ. ಇಳಕಲ್ ಸೀರೆಯ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಗಾಜಿನತ್ತ ಬೊಟ್ಟು ಮಾಡಿದಳು. “ಇದೇ ನೋಡ್ರಿ ಆ ಕೌದಿ. ನಮ್ಮ ಮನಿಯವರದು. ಟ್ರಂಕಿನ್ಯಾಗ ಮಡಿಚಿ ಇಟ್ಟುಬಿಟ್ಟಿದ್ರು. ಇಷ್ಟು ಚೆಂದಂದು ಕತ್ತಲಾಗ ಯಾಕಿರಬೇಕು, ನಾಲ್ಕು ಮಂದಿ ನೋಡ್ಲಿ ಅಂತ ನಾನೇ ಹಟ ಮಾಡಿ ತರಿಸಿದೆ. ದೇವದುರ್ಗದ್ದು ಅಂತ ಅಷ್ಟೇ ಹೇಳ್ತಾರ, ಯಾರು ಹೊಲಿದದ್ದು ಅಂತ ಕೇಳಿದ್ರ, ಮರ್ತದ ಅಂತಾರ.”

ಮರೆತಿದೆಯಂತೆ. ಯಶೋದಾ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ರೀ, ಬರ್ರಿ ಇಲ್ಲಿ. ಗಾಜಿನ ಕೀಲಿ ತರ್ರಿ.”

ಕಂಬದ ಆಚೆಯಿಂದ ಪ್ರಭುರಾಜ ಬಂದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಹೊಸದೊಂದು ಕನ್ನಡಕ. ಉಳಿದದ್ದೆಲ್ಲ ಅದೇ. ಆತುರದಲ್ಲಿ ಬಂದವನು ಅವಳನ್ನು ನೋಡಿ ನಿಂತ. ಕೈಯಲ್ಲಿದ್ದ ಕೀಲಿಗಳು ಮಾತ್ರ ಒಂದಿಷ್ಟು ಹೊತ್ತು ಅಲುಗಾಡುತ್ತಿದ್ದವು.

“ನಮಸ್ಕಾರ್ರಿ,” ಎಂದ.

“ನಮಸ್ಕಾರ,” ಎಂದಳು ಅವಳು.

“ದೇವದುರ್ಗದಿಂದ ಬಂದಾರ,” ಎಂದಳು ದೇವಿಕಾ.

“ಹೌದೇನ್ರಿ,” ಎಂದ ಪ್ರಭುರಾಜ. ಆ ಊರಿನ ಹೆಸರನ್ನೇ ಕೇಳಿಲ್ಲದವನ ಹಾಗೆ.

ಏಳು ವರ್ಷದ ಕೆಳಗೆ ಅವನು ಮಾನ್ವಿಯ ಹೊಲಿಗೆ ಕೇಂದ್ರಕ್ಕೆ ಮೂರು ತಿಂಗಳು ಬಂದಿದ್ದ. ರಾಯಚೂರಿನ ಡ್ರಾಯಿಂಗ್ ಮಾಸ್ತರ. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಇಡಬೇಕು ಎಂದು ಕೌದಿ ಹೊಲಿಯುವ ಹೆಂಗಸರಿಗೆ ಕಲಿಸಲು ಸರಕಾರದವರು ಕಳಿಸಿದ್ದರು. ಎರಡು ದಿನ ಕಲಿಸಿದ. ಮೂರನೇ ದಿನ ಪುಸ್ತಕ ಮುಚ್ಚಿಟ್ಟು, ಅವರ ಚಾಪೆಯ ಅಂಚಿನಲ್ಲಿ ಕುಳಿತು ನೋಡತೊಡಗಿದ. ಕೌದಿಗಿಂತ ಯಶೋದಾಳನ್ನೇ ಹೆಚ್ಚು ನೋಡುತ್ತಾನೆ ಎಂದು ಕೇಂದ್ರಕ್ಕೆ ಚಿಂದಿ ತರುತ್ತಿದ್ದ ವಾಹಿದಾ ವಾರದೊಳಗೇ ಕಂಡುಹಿಡಿದಿದ್ದಳು.

ಒಂದು ಗುರುವಾರ ಅವನ ಅಂಗಿಯ ಎರಡನೇ ಗುಂಡಿ ಕಿತ್ತು ಚಾಪೆಯ ಮೇಲೆ ಬಿತ್ತು. ಯಶೋದಾ ಅದನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿದಳು.

“ನನ್ನ ಗುಂಡಿ ಕೊಡ್ರಿ.”

“ಯಾವ ಗುಂಡಿ?”

“ನನ್ನ ಅಂಗಿದು.”

“ನಿಮ್ಮ ಹೆಸರು ಬರದದೇನ್ ಮಾಸ್ತರ ಅದರ ಮ್ಯಾಲ?”

ಅವನು ತಲೆ ತಗ್ಗಿಸಿ ನಕ್ಕ. ಆಮೇಲೆ ಪ್ರತಿ ಗುರುವಾರ ಅದೇ ಅಂಗಿ ಹಾಕಿಕೊಂಡು ಬಂದ. ಗುಂಡಿಯ ಜಾಗ ಖಾಲಿ. ಮಾನ್ವಿಯಲ್ಲಿ ಗುಂಡಿಗೆ ಬರವೇನೂ ಇರಲಿಲ್ಲ. ಕೇಂದ್ರದಲ್ಲೇ ಒಂದು ಡಬ್ಬಿ ತುಂಬ ಇದ್ದವು. ಅವನು ಹಚ್ಚಿಸಿಕೊಳ್ಳಲಿಲ್ಲ, ಇವಳು ಕೊಡಲಿಲ್ಲ. ಅವನು ಬಾಗಿಲಲ್ಲಿ ಕಂಡರೆ ಇವಳ ಕಣ್ಣು ಮೊದಲು ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಬೇಕಂತಲೇ ಅಲ್ಲಿ ಕೈಯಿಟ್ಟುಕೊಂಡು ಮಾತಾಡುತ್ತಿದ್ದ.

ಕೊನೆಯ ದಿನ ಬಸ್ ಸ್ಟ್ಯಾಂಡಿನ ನೆರಳಲ್ಲಿ ಅವನು ಹೇಳಿದ: “ನಿಮ್ಮ ಅವ್ವಾರನ್ನ ಕೇಳಾಕ ದೇವದುರ್ಗಕ್ಕ ಬರಬೇಕಂತ ಮಾಡೀನಿ. ಮೊದ್ಲು ನಿಮ್ಮ ಮನಸ್ಸು ಗೊತ್ತಾಗಬೇಕು. ಈಗ ಹೇಳಬ್ಯಾಡ್ರಿ, ಮನಿಗೆ ಹೋಗಿ ವಿಚಾರ ಮಾಡ್ರಿ. ಹೂಂ ಅಂತಿದ್ರ ನನ್ನ ಗುಂಡಿ ಕಳಿಸ್ರಿ. ಮುಟ್ಟಿದ ವಾರದಾಗ ಶನಿವಾರ ಬರತೀನಿ. ಇಲ್ಲ ಅಂದ್ರ ಗುಂಡಿ ನೀವೇ ಇಟ್ಕೊರಿ. ಮತ್ತ ನಿಮಗ ತ್ರಾಸು ಕೊಡಂಗಿಲ್ಲ.”

ಅವಳಿಗೆ ವಿಚಾರ ಮಾಡುವಂಥದ್ದು ಏನೂ ಇರಲಿಲ್ಲ. ಆದರೆ ಬರೀ ಗುಂಡಿ ಹ್ಯಾಗೆ ಕಳಿಸುವುದು? ನಲವತ್ತು ದಿನ ಕೂತು ಅವನಿಗೊಂದು ಕೌದಿ ಹೊಲಿದಳು.

ಅವರ ಓಣಿಯ ಹೆಂಗಸರಲ್ಲಿ ಒಂದು ಪದ್ಧತಿ. ಕೌದಿಯ ಕೊನೆಯ ಚೌಕ ಮುಚ್ಚುವ ಮುಂಚೆ ಒಳಗೆ ನಾಲ್ಕು ಜೋಳದ ಕಾಳು ಇಟ್ಟು ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದರೆ ನಿದ್ದೆ ಬರುವುದಿಲ್ಲವಂತೆ. ಯಶೋದಾ ಜೋಳದ ಬದಲು ಗುಂಡಿ ಇಟ್ಟಳು. ಅದೂ ನಟ್ಟನಡುವೆ ಅಲ್ಲ, ಮೇಲ್ಗಡೆ, ಹೊದ್ದುಕೊಂಡರೆ ಸರಿಯಾಗಿ ಎದೆಯ ಮೇಲೆ ಬರುವ ಹಾಗೆ. ಚೀಟಿ ಬರೆದರೆ ಕೇಂದ್ರದವರೆಲ್ಲ ಓದುತ್ತಿದ್ದರು. ಗುಂಡಿಯನ್ನು ಪೊಟ್ಟಣದಲ್ಲಿ ಬಿಡಿಯಾಗಿ ಇಟ್ಟಿದ್ದರೂ ಹತ್ತು ಜನ ಹತ್ತು ಮಾತು ಆಡುತ್ತಿದ್ದರು. ಕೌದಿಯಲ್ಲಾದರೆ ಒಂದು ರಾತ್ರಿ ಹೊದ್ದರೆ ಸಾಕು, ಗೊತ್ತಾಗುತ್ತದೆ. ಕೌದಿ ಬಂದರೆ ಯಾರಾದರೂ ಹೊದೆಯದೆ ಇರುತ್ತಾರೆಯೇ?

ಕೇಂದ್ರದ ಜೀಪಿನಲ್ಲಿ ಕೌದಿ ರಾಯಚೂರಿಗೆ ಹೋಯಿತು. ಎರಡು ದಿನಕ್ಕೆ ಫೋನಿಗೆ ಮೆಸೇಜು ಬಂತು: ‘ಕೌದಿ ಮುಟ್ಟಿತು. ಬಹಳ ಚೆಂದ ಇದೆ. ಉಪಕಾರವಾಯಿತು. ಚೆನ್ನಾಗಿರಿ.’

ಅಷ್ಟೇ. ಆ ಶನಿವಾರ ಅವಳು ಅವ್ವನಿಗೆ ಹೇಳಿ ಅಂಗಳ ಸಾರಿಸಿ, ರಾಯಚೂರಿನ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ಕೂತಳು. ಇನ್ನೂ ಮೂರು ಶನಿವಾರ ಕೂತಳು. ಗುಂಡಿ ನೋಡಿಯೂ ಬರಲಿಲ್ಲವೆಂದರೆ ಮನಸ್ಸು ಬದಲಾಗಿದೆ ಎಂದು ತಿಳಿದುಕೊಂಡಳು. ಹೂಂ ಅಂದ ಮೇಲೆ ಮತ್ತೆ ಕೇಳುವುದು ಹ್ಯಾಗೆ? ಅವಳ ಮರ್ಯಾದೆಯೂ ಅಡ್ಡ ಬಂತು. ಆಮೇಲೆ ನೋಡಲು ಬಂದವರಿಗೆಲ್ಲ ಏನೋ ಒಂದು ನೆಪ ಹೇಳಿ ಕಳಿಸಿದಳು. ಈಗ ಅವಳಿಗೆ ಮೂವತ್ತೊಂದು. ಯಾರೂ ನೋಡಲು ಬರುವುದಿಲ್ಲ.

ಹತ್ತು ಗಂಟೆಗೆ ಗಾಜು ತೆಗೆದು, ಕೌದಿಯನ್ನು ಇಳಿಸಿ, ಜಮಖಾನದ ಮೇಲೆ ಹಾಸಿದರು. ಜನ ಸುತ್ತ ಕೂತರು. ಮೊಳೆಗೆ ತೂಗಿದ ಭಾರಕ್ಕೆ ಮೇಲಿನ ಅಂಚಿನ ಹೊಲಿಗೆ ಒಂದು ಗೇಣು ಬಿಟ್ಟಿತ್ತು. ಯಶೋದಾ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಯಾರಿಗೂ ಕಾಣದ ಹಾಗೆ ಬೆರಳಾಡಿಸಿದಳು. ಗುಂಡಿ ಇಟ್ಟಲ್ಲೇ ಇತ್ತು. ಬಿಟ್ಟ ಹೊಲಿಗೆಯಿಂದ ನಾಲ್ಕು ಬೆರಳು ದೂರ.

“ರೀ, ನೀವು ಆ ಕಡಿ ಜಗ್ಗಿ ಹಿಡೀರಿ,” ಎಂದು ಗಂಡನಿಗೆ ಹೇಳಿ ದೇವಿಕಾ ಮೈಕು ಹಿಡಿದು ಕೌದಿಯ ಬಗ್ಗೆ ಹೇಳತೊಡಗಿದಳು. ಪ್ರಭುರಾಜ ಎದುರಿಗೆ ಕೂತ. ಇಬ್ಬರ ನಡುವೆ ಒಂದು ಮೊಳ ಅರಿವೆ.

ಅವನು ಸೂಜಿಯನ್ನೇ ನೋಡಿದ. “ಹೊಲಿಗಿ ಇನ್ನೂ ಸಣ್ಣ ಆಗೇದ,” ಎಂದ ಮೆಲ್ಲಗೆ.

“ಕಣ್ಣು ಅಷ್ಟೇ ಸಣ್ಣ ಆಗ್ಯಾವ.”

“ಕಣ್ಣು ಹಂಗೇ ಅದಾವ.”

ಅವಳು ತಲೆ ಎತ್ತಲಿಲ್ಲ. “ಹೊಲಿದವ್ರ ಹೆಸರು ಮರ್ತದಂತ ನಿಮಗ.”

“ಮನ್ಯಾಕಿ ಕೇಳಿದ್ರ ಏನಂತ ಹೇಳ್ಲಿ?” ಅವನು ಅಂಚನ್ನು ಇನ್ನಷ್ಟು ಬಿಗಿ ಹಿಡಿದ. “ನೀವು ಬರತೀರಿ ಅಂತ ನನಗ ಗೊತ್ತಿರಲಿಲ್ಲ. ಗೊತ್ತಿದ್ರ ನಾ ಬರತಿರಲಿಲ್ಲ. ಒಮ್ಮೆ ಮಾತು ಕೊಟ್ಟಿದ್ನಲ್ಲ, ತ್ರಾಸು ಕೊಡಂಗಿಲ್ಲ ಅಂತ.”

“ತ್ರಾಸೇನು ಬಂತು.”

“ಸಿಟ್ಟಿಲ್ರಿ ನನಗ. ಇಲ್ಲ ಅನ್ನೋದು ನಿಮ್ಮ ಹಕ್ಕು. ಅದನ್ನೂ ಎಷ್ಟು ಚೆಂದಾಗಿ ಅಂದ್ರಿ, ನಲವತ್ತು ದಿನದ ಕೆಲಸ ಕಳಿಸಿ.” ಅವನು ನಗಲು ನೋಡಿದ. “ಆವತ್ತು ಪೊಟ್ಟಣದ ಕಾಗದ ಸೈತ ಝಾಡಿಸಿದೆ. ಮಡಿಕಿ ಮಡಿಕಿ ಬಿಚ್ಚಿ ನೋಡಿದೆ. ಎಲ್ಲ್ಯಾದ್ರೂ ಬಿದ್ದಿರಬೇಕು ಅಂತ ಜೀಪಿನ ಡ್ರೈವರನ ಹಂತೇಕ ಹೋಗಿ ಸೀಟಿನ ಕೆಳಗ ಬ್ಯಾಟರಿ ಹಾಕಿ ಹುಡುಕಿದೆ. ಗುಂಡಿ ಇರಲಿಲ್ಲ.”

ಯಶೋದಾಳ ಸೂಜಿ ಅರಿವೆಯಲ್ಲಿ ಅರ್ಧಕ್ಕೆ ನಿಂತಿತು.

ಹಾರ್ಮೋನಿಯಮ್ಮಿನವನು ಅಂಗಳದಲ್ಲಿ ತತ್ವಪದ ಎತ್ತಿಕೊಂಡಿದ್ದ. ಯಾರೋ ಮೊಬೈಲಿನ ಬೆಳಕು ಅವಳ ಕೈಗೆ ಬಿಟ್ಟು ವೀಡಿಯೊ ಮಾಡುತ್ತಿದ್ದರು. ಅವಳು ಆ ಕೈಗಳನ್ನು ಬೇರೆಯವರ ಕೈಗಳ ಹಾಗೆ ನೋಡಿದಳು. ಏಳು ವರ್ಷ ಅವಳು ಅವನನ್ನು ಬೈದುಕೊಂಡಿದ್ದಳು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬೇರೆಯವರ ಮದುವೆಯಲ್ಲಿ ಕೂತು ಬೈದುಕೊಂಡಿದ್ದಳು.

“ಒಮ್ಮೆನೂ ಹೊದ್ಕೊಳ್ಳಿಲ್ಲೇನ್ರಿ ಇದನ್ನ?” ದನಿ ಅವಳದೇ ಅನ್ನಿಸಲಿಲ್ಲ.

“ಹ್ಯಾಂಗ ಹೊದ್ಕೊಳ್ಳಿ? ಇಲ್ಲ ಅಂದವರು ಹೊಲಿದದ್ದು. ಟ್ರಂಕಿನ್ಯಾಗ ಇಟ್ಟೆ. ಆಗಾಗ ತಗದು ನೋಡ್ತಿದ್ದೆ. ಆಮ್ಯಾಲ ನೋಡೋದೂ ಬಿಟ್ಟೆ.”

ಕತ್ತರಿ ಅವಳ ಮೊಣಕಾಲ ಹತ್ತಿರವೇ ಇತ್ತು. ಒಂದು ಎಳೆ ಕತ್ತರಿಸಿದರೆ ಸಾಕು, ಗುಂಡಿ ಅವನ ಅಂಗೈಗೆ ಬೀಳುತ್ತಿತ್ತು. ನಾನು ಹೂಂ ಅಂದಿದ್ದೆ ಮಾಸ್ತರ, ನಾಲ್ಕು ಶನಿವಾರ ಬಾಗಿಲಲ್ಲಿ ಕೂತಿದ್ದೆ ಎಂದು ಹೇಳಿ ಎದೆ ಹಗುರ ಮಾಡಿಕೊಳ್ಳಬಹುದಿತ್ತು. ಅವಳ ಕೈ ಕತ್ತರಿಯತ್ತ ಹೋಯಿತು ಕೂಡ.

ಅಷ್ಟರಲ್ಲಿ ದೇವಿಕಾ ಮೈಕು ಇಟ್ಟು, ಒಂದು ಕೈ ಗಂಡನ ಹೆಗಲ ಮೇಲೆ ಊರಿ, ನಿಧಾನ ಕೆಳಗೆ ಕೂತಳು. ಅವನು ತಟ್ಟನೆ ಅವಳ ಮೊಣಕೈ ಹಿಡಿದು ಕೂರಿಸಿದ. ದಿನವೂ ಮಾಡುವವನ ಹಾಗೆ, ನೋಡದೆಯೇ ಹಿಡಿದ. ಯಶೋದಾ ಕತ್ತರಿಯನ್ನು ಬಿಟ್ಟು ದಾರ ಎತ್ತಿಕೊಂಡಳು. ಹೇಳಬಾರದು ಎಂದು ಆಗಲೇ ಗಟ್ಟಿ ಮಾಡಿಕೊಂಡಳು.

ದೇವಿಕಾ ಕೌದಿಯ ಮೇಲೆ ಅಂಗೈ ಸವರುತ್ತಿದ್ದಳು. “ಎಷ್ಟು ತಂಪದರಿ. ನನಗ ಇದರ ಮ್ಯಾಲೇ ಮಲಗಬೇಕು ಅನ್ನಿಸಾಕತ್ತದ.” ಕೈ ನಿಂತಿತು. “ಅಕ್ಕಾರ, ಇಲ್ಲೇನೋ ಕೈಗೆ ಹತ್ತತದ. ಗಟ್ಟಿ ಅದ.”

ಏಳು ವರ್ಷ ಅವನಿಗೆ ಸಿಗದ್ದು ಅವಳಿಗೆ ಒಂದು ಗಳಿಗೆಯಲ್ಲಿ ಸಿಕ್ಕಿತ್ತು.

“ಅದು ಕೌದಿ ಹೊಟ್ಟಿ, ತಂಗಿ,” ಎಂದಳು ಯಶೋದಾ. “ಹಸಿದಿರಬಾರದು ಅಂತ ಒಳಗ ಜ್ವಾಳ ಇಟ್ಟು ಹೊಲಿತೀವಿ.”

“ಜ್ವಾಳ ಇಷ್ಟು ಚಪ್ಪಟಿ ಇರತಾವೇನ್ರಿ?” ದೇವಿಕಾ ನಕ್ಕಳು. “ನಮ್ಮವ್ವ ಆಗಿದ್ರ ಬಿಚ್ಚೇ ನೋಡ್ತಿದ್ಲು.”

“ಬಿಚ್ಚಬಾರದು. ಹೊಟ್ಟಿ ಮುಚ್ಚಿದ ಮ್ಯಾಲ ಮುಗೀತು.”

ಅಂಗಳದಿಂದ ಯಾರೋ ಮೈಕಿಗಾಗಿ ದೇವಿಕಾಳನ್ನು ಕೂಗಿದರು. ಅವಳು ಎದ್ದು ಹೋದಳು. ಜನರೂ ಒಬ್ಬೊಬ್ಬರೇ ಹಾಡಿನ ಕಡೆ ಸರಿದರು. ವಾಹಿದಾ ಕಂಬಕ್ಕೆ ಒರಗಿ, ಬೇರೆ ಕಡೆ ಮುಖ ಮಾಡಿ ನಿಂತಳು.

ಪ್ರಭುರಾಜ ಆ ಚೌಕವನ್ನೇ ನೋಡುತ್ತಿದ್ದ. ನಿಧಾನಕ್ಕೆ ಹೆಬ್ಬೆರಳನ್ನು ತಂದು ಅದರ ಮೇಲಿಟ್ಟ. ಒತ್ತಿದ. ಸುತ್ತ ಒಂದು ಸಲ ತಿರುಗಿಸಿದ. ಇನ್ನೊಂದು ಕೈ ತಾನಾಗಿ ಅಂಗಿಯ ಎರಡನೇ ಗುಂಡಿಯ ಮೇಲೆ ಬಂತು.

“ಬೆರಳು ತಗೀರಿ,” ಎಂದಳು ಅವಳು. “ಸೂಜಿ ಬಡೀತದ.”

“ಬಡೀಲಿ.”

ಅವಳು ಅವನ ಬೆರಳಿನ ಸುತ್ತ ಹೊಲಿದಳು.

“ಯಾವಾಗ ಇಟ್ರಿ ಇದನ್ನ?” ಕೇಳಿದ.

“ಕೌದಿ ಹೊಟ್ಟಿ ಆಮ್ಯಾಲ ತುಂಬಾಕ ಬರಂಗಿಲ್ರಿ. ಹೊಲಿಯುವಾಗ್ಲೇ ತುಂಬಬೇಕು.”

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಹಾಗೇ ಹಿಡಿದುಕೊಂಡು ಕೂತ. “ಶನಿವಾರ...” ಎಂದ.

“ಹೂಂ.”

“ಎಷ್ಟು ಶನಿವಾರ?”

“ಅದೆಲ್ಲ ಯಾಕ್ರಿ ಈಗ.”

“ಯಶೋದಾ.” ಹಿಂದೆಂದೂ ಅವನು ಅವಳನ್ನು ಬರೀ ಹೆಸರಿನಿಂದ ಕರೆದಿರಲಿಲ್ಲ. “ಇದನ್ನ ಇವತ್ತೇ ಮನಿಗೆ ಒಯ್ತೀನಿ. ಒಂದು ರಾತ್ರಿ ಆದ್ರೂ...”

“ಬ್ಯಾಡ್ರಿ.” ಅವಳು ಮೊದಲ ಸಲ ತಲೆಯೆತ್ತಿ ಅವನನ್ನು ನೇರ ನೋಡಿದಳು. ಅವನ ಕಣ್ಣು ತುಂಬಿದ್ದವು. ಅವಳವೂ. “ಮೊದ್ಲು ಬಂದಾಗ ಗಾಜು ನೋಡಿ ನನಗ ಭಾಳ ಸಿಟ್ಟು ಬಂದಿತ್ತು. ಈಗ ಇಲ್ಲ. ಇದಕ್ಕ ಇನ್ನ ಗಾಜೇ ಸರಿ. ನೀವೂ ನೋಡ್ರಿ, ನಾಲ್ಕು ಮಂದಿ ನೋಡ್ಲಿ. ನಿಮ್ಮ ಮನ್ಯಾಗ ಹೊದ್ಯಾಕ ಬ್ಯಾರೆ ಇರತಾವ.”

ಅವಳು ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು. ಬಿಟ್ಟ ಹೊಲಿಗೆ ಕೂಡಿತ್ತು. ಗುಂಡಿಯ ಸುತ್ತ ಮಾತ್ರ ಹೊಸ ದಾರ ಎರಡು ಸುತ್ತು ಹೆಚ್ಚು ಬಿದ್ದಿತ್ತು. ಅವನು ಹೆಬ್ಬೆರಳು ತೆಗೆದ.

ಹನ್ನೆರಡಕ್ಕೆ ಲೈಟುಗಳು ಒಂದೊಂದಾಗಿ ಆರಿದವು. ದೇವಿಕಾ ಆಟೊ ಕರೆಸಿ ಗೇಟಿನವರೆಗೆ ಬಂದಳು. ಪ್ರಭುರಾಜ ಅವಳ ಹಿಂದೆ, ಕೀಲಿಗಳನ್ನು ಹಿಡಿದು ನಿಂತಿದ್ದ.

“ಅಕ್ಕಾರ, ಒಂದು ಮಾತು. ನಮಗೊಂದು ಸಣ್ಣ ಕೌದಿ ಹೊಲ್ದು ಕೊಡ್ರಿ. ತೊಟ್ಟಿಲಕ್ಕ.” ದೇವಿಕಾ ಯಶೋದಾಳ ಕೈ ಹಿಡಿದುಕೊಂಡಳು. “ಶ್ರಾವಣದಾಗ ದಿನ ತುಂಬತಾವ.”

ಯಶೋದಾ ಆ ಕೈಯನ್ನು ನೋಡಿದಳು. ಬೆಚ್ಚಗಿತ್ತು, ಮೆತ್ತಗಿತ್ತು, ಏನೂ ತಪ್ಪು ಮಾಡಿರಲಿಲ್ಲ.

“ಹೊಲಿತೀನಿ, ತಂಗಿ. ಆದ್ರ ಗೋಡಿಗೆ ತೂಗು ಹಾಕಬ್ಯಾಡ್ರಿ ಅದನ್ನ. ಚೆಂದ ಅದ ಅಂತ ಮಡಿಚಿ ಟ್ರಂಕಿನ್ಯಾಗೂ ಇಡಬ್ಯಾಡ್ರಿ.” ಮಾತು ದೇವಿಕಾಳಿಗೆ, ಕೇಳಿದ್ದು ಹಿಂದೆ ನಿಂತವನಿಗೆ. “ತಂದ ದಿನಾನೇ ಕೂಸಿಗೆ ಹೊದಿಸ್ರಿ.”

“ಹೊದಸ್ತೀವಿ,” ಎಂದ ಪ್ರಭುರಾಜ. ದೇವಿಕಾ ಅವನ ದನಿ ಕೇಳಿ ಒಂದು ಸಲ ತಿರುಗಿ ನೋಡಿದಳು.

ಆ ಹೊತ್ತಿಗೆ ಬಸ್ಸು ಇರಲಿಲ್ಲ. ಇಬ್ಬರೂ ವಾಹಿದಾಳ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದೆಂದು ಮೊದಲೇ ಮಾತಾಗಿತ್ತು. ಆಟೊ ತೀನ್ ಕಂದೀಲ್ ಚೌಕ ದಾಟುವವರೆಗೆ ವಾಹಿದಾ ಗೆಳತಿಯ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಬೀದಿಯ ಗೋಡೆಗಳು ಹಗಲಿನ ಕಾವನ್ನು ಇನ್ನೂ ಬಿಡುತ್ತಿದ್ದವು.

“ವಾಹಿದಾ,” ಎಂದಳು ಯಶೋದಾ ಸೆರಗಿನಲ್ಲಿ ಮುಖ ಒರೆಸಿಕೊಂಡು. “ಅಂಗಡ್ಯಾಗ ಮೆತ್ತನ್ನ ಚಿಂದಿ ಬಂದ್ರ ತೆಗೆದಿಡು. ಹಳೇ ಸೀರಿದು ಆದ್ರ ಛಲೋ. ಕೂಸಿನ ಕೌದಿ.”

“ಅವರದಾ?”

“ಅವರದು.”

ವಾಹಿದಾ ನಿಟ್ಟುಸಿರು ಬಿಟ್ಟಳು. “ಹೊಟ್ಯಾಗ ಏನಿಡ್ತಿ ಬೇ ಅದಕ್ಕ?”

ಯಶೋದಾ ಹೊರಗೆ ನೋಡಿದಳು. ಬಾಗಿಲು ಹಾಕಿದ ಅಂಗಡಿಗಳು ಒಂದರ ಹಿಂದೊಂದು ಹಿಂದೆ ಸರಿದವು.

“ಜ್ವಾಳ,” ಎಂದಳು. “ಬರೀ ಜ್ವಾಳ. ಅದಕ್ಕ ನಿದ್ದಿ ಬರಬೇಕಲ್ಲ.”